ನಾನು ನೋಡಿದ ಹಂದಿಮೀನು

ಮನುಷ್ಯನಿಗೆ ಪ್ರಕೃತಿಪ್ರೇಮ ಇರಬೇಕು, ಆದರೆ ಅದು ಮಾವನ ಮನೆಯವರಿಗೆ ಗೊತ್ತಾಗಬಾರದು. ನಾನು ಆ ಎಚ್ಚರ ತಪ್ಪಿದವನು. ಆಗ ಗಂಗಾನಗರದಲ್ಲಿದ್ದ ನಾನು ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹೆಬ್ಬಾಳದ ಕೆರೆಗೆ ಹೋಗುತ್ತಿದ್ದೆ. ಹುಣಸಮಾರನಹಳ್ಳಿಯ ನಮ್ಮ ಮಾವನವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. "ನಮ್ಮ ಅಳಿಯಂದ್ರು ವಾರವಾರ ಅಕ್ಕಿ ನೋಡಾಕೆ ಓಯ್ತಾರೆ" ಎಂದು ಅವರು ಸಾರಿದ್ದರಿಂದ, ನಾನು ರೇಷನ್ ಇಲಾಖೆಯ ದೊಡ್ಡ ಅಧಿಕಾರಿಯೆಂದು ಊರೆಲ್ಲ ನಂಬಿತ್ತು. ನಾನು ನೋಡುವುದು ರೆಕ್ಕೆಯಿರುವ ಹಕ್ಕಿ ಎಂದು ಬಯಲಾದ ದಿನ ಮಾವ ಮಗಳನ್ನು ಪಕ್ಕಕ್ಕೆ ಕರೆದು, "ಇದೊಂದೇನಾ, ಇನ್ನೇನಾದ್ರೂ ಐತಾ?" ಎಂದು ಕೇಳಿದರಂತೆ.

ಹೋದ ಮರ್ಯಾದೆ ಸಂಪಾದಿಸಲು ಅವರನ್ನೂ ಹೆಂಡತಿಯನ್ನೂ ಮಂಗಳೂರಿಗೆ ಕರೆದೊಯ್ದೆ. ಜೀವಮಾನದಲ್ಲಿ ಮೊದಲ ಸಲ ಸಮುದ್ರ ಕಂಡ ಮಾವ, "ಇಷ್ಟು ನೀರಿಟ್ಕೊಂಡು ಒಂದು ಗುಂಟೆ ರಾಗಿ ಬೆಳೆಯಾಕಾಗಲ್ವಾ?" ಎಂದು ಅದನ್ನು ತಳ್ಳಿಹಾಕಿದರು. ಮರಳಿನಲ್ಲಿ ಓಡುವ ಏಡಿ ತೋರಿಸಿದೆ. "ನಮ್ಮ ಗದ್ದೇವು ಇದಕ್ಕಿಂತ ದಪ್ಪಗವೆ" ಎಂದರು.

ಮರುದಿನ ಬೆಳಿಗ್ಗೆ, ನದಿ ಸಮುದ್ರ ಸೇರುವ ಅಳಿವೆಗೆ ದೋಣಿಯಲ್ಲಿ ಹೋದೆವು. "ಇಲ್ಲಿ ಹಂದಿಮೀನು ಉಂಟು ಮಾರಾಯ್ರೆ, ಅದೃಷ್ಟ ಇದ್ದರೆ ಕಾಣ್ತದೆ" ಎಂದ ದೋಣಿಯವ. ಅದೇ ಡಾಲ್ಫಿನ್! ನಾನು ಕಡಲಿಗೆ ಬೆನ್ನು ಹಾಕಿ ನಿಂತು ಉಪನ್ಯಾಸ ಶುರುಮಾಡಿದೆ: ಅದು ಮೀನಲ್ಲ, ಮರಿ ಹಾಕಿ ಹಾಲೂಡಿಸುವ ಪ್ರಾಣಿ.

ಮಾವನಿಗೆ ಮೊದಲ ಬಾರಿ ಆಸಕ್ತಿ ಹುಟ್ಟಿತು. "ಒಂದೊತ್ತಿಗೆ ಎಷ್ಟು ಸೇರು ಕೊಡ್ತದೆ?"

ಅಷ್ಟರಲ್ಲಿ "ರೀ, ಹಿಂದೆ ನೋಡ್ರೀ!" ಎಂದು ಹೆಂಡತಿ ಕಿರುಚಿದಳು. ಗಿರಕ್ಕನೆ ತಿರುಗಿ ದುರ್ಬೀನು ಕಣ್ಣಿಗಿಟ್ಟೆ. ಕಗ್ಗತ್ತಲೆ! ದುರ್ಬೀನಿನ ಮುಚ್ಚಳ ತೆಗೆಯುವಷ್ಟರಲ್ಲಿ ನೀರು ಏನೂ ಆಗಿಲ್ಲವೆಂಬಂತೆ ಮಲಗಿತ್ತು.

ಮಾವ ಕೈಮುಗಿದು ಕೂತಿದ್ದರು. ಆಮೇಲೆ, "ತಾಯಿ ಪಕ್ಕದಾಗೇ ಮರಿ ಕಣಮ್ಮಾ. ಎರಡೂ ಒಂದೇ ಕಿತ ನೆಗೆದ್ವು" ಎಂದು ಪಿಸುಗುಟ್ಟಿ ನನ್ನತ್ತ ತಿರುಗಿದರು. ಮದುವೆಯ ಶಾಸ್ತ್ರ ಮುಗಿದ ಮೇಲೆ ಆ ಕಣ್ಣಿನಲ್ಲಿ ಅಂಥ ಗೌರವ ಕಂಡಿರಲಿಲ್ಲ. "ಇದಕ್ಕೇನಾ ನೀವು ವಾರವಾರ ಓಗಾದು? ನೀವೂ ನೋಡಿದ್ರಲ್ಲಾ?"

"ನೋಡದೆ ಏನು!" ಎಂದೆ. ಹೆಂಡತಿ ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಮುಚ್ಚಳವನ್ನೂ ನೋಡಿದಳು.

ಈಗ ಊರಿನಿಂದ ಯಾರೇ ಬಂದರೂ, "ಅಳಿಯಂದ್ರ ಬಾಯಲ್ಲಿ ಕೇಳ್ಬೇಕು" ಎಂದು ಮಾವ ನನ್ನ ಮುಂದೆ ತಂದು ಕೂರಿಸುತ್ತಾರೆ. ನಾನು ತಾಯಿ, ಮರಿ, ನೆಗೆತ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತೇನೆ. ಹೆಂಡತಿ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ. ಬೆನ್ನಿನ ಬಣ್ಣ ತಪ್ಪು ಹೇಳಿದಾಗ ಮಾತ್ರ ಸಣ್ಣಗೆ ಕೆಮ್ಮುತ್ತಾಳೆ.