ಲೋಟದಡಿಯ ಚಾರ್ಜರ್

ಮಾವ ಸಂಜೆ ಐದಕ್ಕೆ ಬರುತ್ತಾರೆಂಬ ಸುದ್ದಿ ಬಂದಾಗ, ಅವರು ಕೊಟ್ಟಿದ್ದ ವೈರ್‌ಲೆಸ್ ಚಾರ್ಜರಿನ ಮೇಲೆ ಅಳಿಯನ ಕಾಫಿ ಲೋಟ ಕೂತಿತ್ತು.

ಒಂದು ವರ್ಷದಿಂದ ಅದರ ಜಾಗ ಅದೇ. "ಬಿಸಿ ಅನ್ನೋದು ಬ್ಯಾಟರಿ ಆಯುಸ್ಸನ್ನೇ ತಿಂದುಬಿಡುತ್ತೆ ಕಣಯ್ಯಾ" ಎಂದು ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಹೆದರಿಸಿದ ದಿನವೇ ಅಳಿಯ ಆ ದುಂಡು ಬಿಲ್ಲೆಯನ್ನು ಲೋಟದಡಿಗೆ ತಳ್ಳಿ, ಫೋನಿಗೆ ಹಳೆಯ ಕೇಬಲ್ಲನ್ನೇ ಚುಚ್ಚುತ್ತ ಹಾಯಾಗಿದ್ದ.

ಈಗ ಹಾಯಾಗಿರುವ ಹಾಗಿರಲಿಲ್ಲ. ಮಾವನದು ಮೊಬೈಲ್ ರಿಪೇರಿ ಅಂಗಡಿ. ಅದರ ಬೀಗದ ಕೈಯನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಇವತ್ತು ಕೊಡುವವರಿದ್ದರು. ಬೆಳಿಗ್ಗೆ ಷಡ್ಡಕನ ಮನೆ, ಸಂಜೆ ಇವನ ಮನೆ. ಕನ್ನಡಕದ ಅಂಗಡಿಯಲ್ಲಿ ಹತ್ತು ವರ್ಷ ಸಾಸಿವೆಯಂಥ ಸ್ಕ್ರೂ ತಿರುಗಿಸಿ ಕತ್ತು ನೋಯಿಸಿಕೊಂಡಿದ್ದವನಿಗೆ ಆ ಬೀಗದ ಕೈಯ ಮೇಲೆ ಪ್ರಾಣ.

"ರೀ, ಅಪ್ಪ ಪ್ರೀತಿಯಿಂದ ಕೊಟ್ಟಿದ್ದು. ಲೋಟದಡಿ ನೋಡಿದ್ರೆ ಮುಗೀತು ಕಥೆ" ಎಂದಳು ಹೆಂಡತಿ.

ಅಳಿಯ ಹಳೆಯ ಬ್ರಷ್ಷಿಗೆ ಪೇಸ್ಟು ಹಚ್ಚಿ, ಕಾಫಿಯ ದುಂಡು ಕಲೆಯನ್ನು ಅರ್ಧ ಗಂಟೆ ಉಜ್ಜಿದ. ಬಿಲ್ಲೆ ಹೊಸದರಂತೆ ಹೊಳೆಯಿತು. ಮೇಲೆ ಫೋನ್ ಇಟ್ಟರೆ ಚಾರ್ಜೇ ಇಲ್ಲ!

ಹೊಲಿದ ಪ್ಯಾಂಟು ಕೊಡಲು ಬಂದ ಎದುರುಮನೆ ದರ್ಜಿ ಬಗ್ಗಿ ನೋಡಿದ. "ಕವರ್ ಹಿಂದೆ ಸ್ಟೀಲ್ ಉಂಗುರ ಇದೆಯಲ್ಲಣ್ಣಾ! ಬಿಚ್ಚಿ ಅದನ್ನ."

ಬಿಚ್ಚಿದ ಮೇಲೆ ಚಾರ್ಜ್ ಶುರುವಾಯಿತು. ಅಷ್ಟರಲ್ಲಿ ಹೆಂಡತಿಯ ಅಕ್ಕನ ಕರೆ ಬಂತು. ಫೋನು ಗುರ್ರೆಂದು ನಡುಗುತ್ತ ಏಡಿಯ ಹಾಗೆ ಪಕ್ಕಕ್ಕೆ ಸರಿದು ಬಿಲ್ಲೆಯಿಂದಿಳಿಯಿತು. ಮಾವ ಅಲ್ಲಿಂದ ಹೊರಟರಂತೆ.

"ಇದಕ್ಕೆ ನನ್ನ ಹತ್ರ ಔಷಧಿ ಇದೆ" ಎಂದು ದರ್ಜಿ ಜೇಬಿನಿಂದ ಚಡ್ಡಿಯ ಎಲಾಸ್ಟಿಕ್ ತೆಗೆದು, ಫೋನನ್ನೂ ಬಿಲ್ಲೆಯನ್ನೂ ಸೇರಿಸಿ ಬಿಗಿದು ಪಿನ್ನು ಹಾಕಿದ.

ಗಲಾಟೆ ಕೇಳಿ ಮೇಷ್ಟ್ರು ಇಳಿದು ಬಂದರು. ಮುಟ್ಟಿ ನೋಡಿ ಕೈ ಕೊಡವಿದರು. "ಸುಡ್ತಾ ಇದೆಯಲ್ಲಯ್ಯಾ! ಬಿಲ್ಲೆ ನಡುವಿಗೆ ಸರಿಯಾಗಿ ಕೂರದಿದ್ರೆ ಇನ್ನೂ ಕಾಯುತ್ತೆ. ಸ್ಕೇಲ್ ತಾ."

"ನಡು ಅಳೆಯೋದು ನನ್ನ ಕಸುಬು ಮೇಷ್ಟ್ರೇ, ನೀವು ಸುಮ್ನಿರಿ" ಎಂದು ದರ್ಜಿ ಟೇಪು ಬಿಚ್ಚಿದ.

ಇಬ್ಬರೂ ಫೋನಿನ ನಡುವಿಗಾಗಿ ಜಗ್ಗಾಡುತ್ತಿರುವಾಗ ಬಾಗಿಲಲ್ಲಿ ಮಾವ ನಿಂತಿದ್ದರು. ಅಳಿಯ ಎಲಾಸ್ಟಿಕ್ಕನ್ನು ಕಿತ್ತು ಜೇಬಿಗೆ ತುರುಕಿದ.

"ದಿನಾ ಇದರಲ್ಲೇ ಚಾರ್ಜ್ ಮಾಡ್ತೀರಾ?" ಎಂದರು ಮಾವ, ಕಾಫಿ ಲೋಟ ಹಿಡಿದು.

"ಒಂದು ದಿನಾನೂ ತಪ್ಪಿಸಿಲ್ಲಪ್ಪಾ ಇವರು! ಕೇಬಲ್ ಮುಟ್ಟಿ ವರ್ಷ ಆಯ್ತು" ಎಂದಳು ಹೆಂಡತಿ.

ಮಾವ ಫೋನ್ ಮುಟ್ಟಿದರು. ಅದು ವಿಪರೀತ ಬಿಸಿಯಾಗಿದೆ ಎಂದು ತೋರಿಸಿ ತಾನೇ ಆಫ್ ಆಯಿತು. ಮಾವನ ಮುಖ ಸಣ್ಣಗಾಯಿತು.

"ಎಲ್ಲ ವೈರ್‌ಲೆಸ್ಸೂ ಹೀಗಲ್ಲ ಅಳಿಯಂದ್ರೇ. ಈ ಅಗ್ಗದ ಮಾಲು ಮಾತ್ರ ಫೋನನ್ನ ಬೇಯಿಸುತ್ತೆ. ಅಂಗಡೀಲಿ ಎರಡು ಉಳಿದಿತ್ತು. ಬಿಸಿ ಆಗೋದು ನೋಡಿ ಬದಿಗಿಡೋ ಬುದ್ಧಿ ಯಾರಿಗಿದೆ ನೋಡೋಣ ಅಂತ ಇಬ್ರಿಗೂ ಒಂದೊಂದು ಕೊಟ್ಟೆ. ವರ್ಷಪೂರ್ತಿ ಬ್ಯಾಟರಿ ಸುಟ್ಟೋರ ಕೈಗೆ ಊರೋರ ಫೋನ್ ಹೇಗೆ ಕೊಡ್ಲಿ?"

"ಮತ್ತೆ ಷಡ್ಡಕ?" ಎಂದ ಅಳಿಯ.

"ಅವನು ಜಾಣ! ಅದರ ಮೇಲೆ ಕಾಫಿ ಲೋಟ ಇಟ್ಕೊಂಡಿದ್ದ. ಬೀಗದ ಕೈ ಇನ್ನು ಅವನಿಗೇ."

"ಮಾವಾ, ನಂದೂ ಇವತ್ತಿನವರೆಗೂ ಲೋಟದಡೀನೇ ಇತ್ತು! ಬೇಕಾದ್ರೆ ಕಲೆ ನೋಡಿ..." ಎಂದು ಅಳಿಯ ಬಿಲ್ಲೆಯನ್ನು ಎತ್ತಿ ತೋರಿಸಿದ. ಅದು ಫಳಫಳ ಹೊಳೆಯುತ್ತಿತ್ತು. ಹೆಂಡತಿ ಸೀಲಿಂಗ್ ನೋಡಿದಳು. ಮೇಷ್ಟ್ರು, ದರ್ಜಿ ಇಬ್ಬರಿಗೂ ಒಮ್ಮೆಲೇ ಮನೆಯಲ್ಲಿ ಕೆಲಸ ನೆನಪಾಯಿತು.

ಮಾವ ಕಾಫಿ ಮುಗಿಸಿ, ಮೇಜು ಹಾಳಾಗಬಾರದೆಂದು ಲೋಟವನ್ನು ಬಿಲ್ಲೆಯ ಮೇಲಿಟ್ಟು ಹೊರಟರು.

ಅವರು ಹೋದ ಮೇಲೆ ಅಳಿಯ ಲೋಟ ಎತ್ತಿ ನೋಡಿದ. ಉಜ್ಜಿ ಉಜ್ಜಿ ತೆಗೆದಿದ್ದ ದುಂಡು ಕಲೆ ಅದೇ ಜಾಗದಲ್ಲಿ, ಅಚ್ಚುಕಟ್ಟಾಗಿ ಕೂತಿತ್ತು.