ನೂರು ವೋಲ್ಟಿನ ಊರು

ಜಪಾನಿನಲ್ಲಿ ಮನೆಗೆ ಬರುವ ಕರೆಂಟು ನೂರು ವೋಲ್ಟು. ನಮ್ಮಲ್ಲಿ ಇನ್ನೂರ ಮೂವತ್ತು. ಇಷ್ಟು ಸಣ್ಣ ವಿಷಯ ಮರೆತದ್ದಕ್ಕೆ ಬೇಲೂರಿನ ಪಾತ್ರೆ ಅಂಗಡಿ ಇಂದ್ರೇಶ ಹೋದ ವರ್ಷ ಜಪಾನಿನಿಂದ ತರಿಸಿದ್ದ ಹಳೇ ಕಂಪ್ಯೂಟರು, ಪ್ಲಗ್ಗು ಹಾಕಿದ ಗಳಿಗೆಯಲ್ಲೇ ಊದುಬತ್ತಿಯ ಹಾಗೆ ಹೊಗೆಯಾಡಿ ಸುಮ್ಮನಾಗಿತ್ತು. ಎರಡನೆಯದು ಬರುವ ದಾರಿಯಲ್ಲೇ ಎಲ್ಲೋ ಬಿದ್ದು ಎರಡು ಹೋಳಾಗಿ ಬಂತು. ಈಗ ಮನೆಯಲ್ಲಿದ್ದದ್ದು ಮೂರನೆಯದು. ಅದಕ್ಕೆ ಇನ್ನೂ ಕರೆಂಟಿನ ರುಚಿ ತೋರಿಸಿರಲಿಲ್ಲ.

ಐವತ್ತರ ಗಂಡಸಿಗೆ ಇದೆಲ್ಲ ಯಾಕೆ ಅಂದರೆ, ಅದು ಏಳನೇ ಕ್ಲಾಸಿನ ಹಳೇ ಬಾಕಿ. ಆಗ ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಇಂಜಿನಿಯರ ಮನೆಗೆ ಇಂಥದೇ ಪೆಟ್ಟಿಗೆ ಬಂದಿತ್ತು. ಟಿ.ವಿ.ಗೆ ಸಿಕ್ಕಿಸಿದರೆ ಬುಟ್ಟಿ ಹೊತ್ತ ಪುಟ್ಟ ಮನುಷ್ಯನೊಬ್ಬ ಬಂಡೆಯಿಂದ ಬಂಡೆಗೆ ಹಾರುತ್ತ ಬೆಟ್ಟ ಹತ್ತುತ್ತಿದ್ದ. ಇಂದ್ರೇಶ ಅವನನ್ನು ಮೂರು ಬೆಟ್ಟ ಹತ್ತಿಸಿ ನಾಲ್ಕನೆಯದಕ್ಕೆ ಕಾಲಿಡಿಸುವಾಗ ಅವ್ವ ಊಟಕ್ಕೆ ಕೂಗಿದ್ದಳು. ಮಾರನೇ ವಾರ ಆ ಇಂಜಿನಿಯರಿಗೆ ವರ್ಗವಾಯಿತು. ನಾಲ್ಕನೇ ಬೆಟ್ಟದ ತುದಿಯಲ್ಲಿ ಏನಿದೆ ಅನ್ನುವುದು ಇಂದ್ರೇಶನಿಗೆ ಮದುವೆಯಾಗಿ, ಅಂಗಡಿ ಇಟ್ಟು, ತಲೆ ನೆರೆತರೂ ಗೊತ್ತಾಗಿರಲಿಲ್ಲ.

ಹೆಂಡತಿ ಪ್ರತಿಮಾ ಅರಸೀಕೆರೆಯ ತವರಿಗೆ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಮಂಗಳವಾರ ಸಂಜೆ ವಾಪಸ್ ಬರ್ತೀನಿ ಕಣ್ರೀ. ಅಷ್ಟರೊಳಗೆ ಆ ಪೆಟ್ಟಿಗೆ ಒಂದ್ಸಲ ಉಸಿರಾಡಿದ್ದನ್ನ ನಾನು ನೋಡ್ಬೇಕು. ಇಲ್ಲಾಂದ್ರೆ ಮೂರನ್ನೂ ಗುಜರಿಯೋನಿಗೆ ಕೊಟ್ಟು ಆ ಮೇಜಿನ ಮೇಲೆ ಗ್ರೈಂಡರ್ ಇಡ್ತೀನಿ."

"ಫೋನಲ್ಲೇ ತೋರಿಸ್ತೀನಿ ಬಿಡೇ."

"ಬೇಡ. ಹೋದ್ಸಲ ಯಾರೋ ಆಡಿದ ವಿಡಿಯೋ ತೋರಿಸಿ ನಂದೇ ಅಂದ್ರಿ. ಆ ಕೈಯಲ್ಲಿ ಎರಡು ಉಂಗುರ ಇತ್ತು. ನಿಮ್ಮ ಕೈಗೆ ನಮ್ಮಪ್ಪ ಹಾಕಿದ್ದೂ ಉಳಿದಿಲ್ಲ. ನಾನು ಕಣ್ಣಾರೆ ನೋಡ್ಬೇಕು."

ಮಂಗಳವಾರ ಅಂಗಡಿಗೆ ರಜೆ. ಬೆಳಿಗ್ಗೆಯೇ ಇಂದ್ರೇಶ ಮೋಟಾರ್ ವೈಂಡಿಂಗ್ ದೇವೀರಪ್ಪನ ಬಳಿಗೆ ಓಡಿದ. ಇನ್ನೂರ ಮೂವತ್ತನ್ನು ನೂರಕ್ಕೆ ಇಳಿಸುವ ಪೆಟ್ಟಿಗೆಯೊಂದನ್ನು ಸುತ್ತಿಕೊಡಲು ಅವನಿಗೆ ಹೇಳಿ ತಿಂಗಳಾಗಿತ್ತು. ದೇವೀರಪ್ಪ ಸುಟ್ಟ ಮೋಟಾರುಗಳ ನಡುವೆ, ಮದುವೆಯ ಮಾರನೇ ದಿನ ಎಂಜಲು ಪಾತ್ರೆಗಳ ನಡುವೆ ಕೂತವನ ಹಾಗೆ ಕೂತಿದ್ದ.

"ಎಲ್ಲಿಂದ ಮಾಡ್ಲಿ ಇಂದ್ರೇಶಣ್ಣ? ಇವೆಲ್ಲ ನೋಡಿ, ಗೆಂಡೆಹಳ್ಳಿ ಪಕ್ಕ ಕೊಪ್ಪಲು ಐತಲ್ಲ, ಅಲ್ಲಿನ ಮೋಟಾರು. ಮೂರು ದಿನಕ್ಕೊಂದು ಸುಟ್ಕಂಡು ತತ್ತಾರೆ. ಆ ಊರಲ್ಲಿ ಕರೆಂಟು ಬರಾದೇ ನೂರು ವೋಲ್ಟು. ಮೋಟಾರು ಎಲ್ಲಿ ತಡ್ಕತೈತೆ? ಇವು ಮುಗಿಯಾಗಂಟ ನಿಮ್ಮದು ಮುಟ್ಟಾಕಾಗಲ್ಲ."

"ಎಷ್ಟು ಅಂದ್ರಿ?"

"ನೂರು."

ದೇವೀರಪ್ಪ ಕಷ್ಟ ಹೇಳಿಕೊಂಡಿದ್ದ. ಇಂದ್ರೇಶನ ಮುಖ ಮಾತ್ರ ತೊಳೆದಿಟ್ಟ ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯಿತು. ಅರ್ಧ ಗಂಟೆಯೊಳಗೆ ಅವನು ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಎಳೇ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಗೆಂಡೆಹಳ್ಳಿ ಬಸ್ಸಿನಲ್ಲಿ ಕೂತಿದ್ದ. ಕೊಪ್ಪಲಿನ ಜವರಯ್ಯ ಮಗಳ ಮದುವೆಗೆ ಇವನ ಅಂಗಡಿಯಲ್ಲೇ ಪಾತ್ರೆ ಕೊಂಡವನು. ದಾರಿಯಲ್ಲೇ ಪ್ರತಿಮಾಗೆ ಫೋನಾಯಿತು: "ಬೇಲೂರಲ್ಲಿ ಇಳಿದು ಗೆಂಡೆಹಳ್ಳಿ ಬಸ್ ಹತ್ತಿ ಸೀದಾ ಕೊಪ್ಪಲಿಗೆ ಬಾ. ಐದು ಗಂಟೆಗೆ ಕಣ್ಣಾರೆ ನೋಡ್ತೀಯಂತೆ."

ಜವರಯ್ಯನ ಮನೆಯಲ್ಲಿ ಟ್ಯೂಬ್‌ಲೈಟು ಹತ್ತಿ ಎಷ್ಟೋ ಕಾಲವಾಗಿತ್ತು. ಫ್ಯಾನು ಎಷ್ಟು ನಿಧಾನವಾಗಿ ಸುತ್ತುತ್ತಿತ್ತೆಂದರೆ ಒಂದು ನೊಣ ಅದರ ರೆಕ್ಕೆಯ ಮೇಲೆ ಕೂತು ಊರು ನೋಡುತ್ತಿತ್ತು. ಇಂದ್ರೇಶ ಜೇಬಿನಿಂದ ವೋಲ್ಟು ಅಳೆಯುವ ಮೀಟರು ತೆಗೆದು ಸಾಕೆಟ್ಟಿಗೆ ಕಡ್ಡಿ ಚುಚ್ಚಿದ. ನೂರ ಎರಡು.

"ಆಹಾ! ಎಂಥಾ ಚೆನ್ನಾಗಿದೆ ಜವರಯ್ಯನೋರೇ ನಿಮ್ಮೂರ ಕರೆಂಟು!"

ಜವರಯ್ಯ ಅವನ ಮುಖವನ್ನೇ ನೋಡಿದ. "ತಮಾಸೆ ಮಾಡ್ಬೇಡಿ ಸಾವ್ಕಾರ್ರೇ. ಮಿಕ್ಸಿಗೆ ಚಟ್ನಿ ಹಾಕಿದ್ರೆ ನಾಳೀಕೆ ಆಯ್ತದೆ."

ಆ ಮನೆಯ ಟಿ.ವಿ. ಒಂದು ಮಾತ್ರ ಎಷ್ಟು ಕರೆಂಟು ಕೊಟ್ಟರೂ ಹೊಟ್ಟೆ ತುಂಬಿತೆನ್ನುವ ಸಾಧುಪ್ರಾಣಿ. ಅದಕ್ಕೆ ತಂತಿ ಸಿಕ್ಕಿಸಿ, ಕೈ ಮುಗಿದು, ಇಂದ್ರೇಶ ಸ್ವಿಚ್ಚು ಒತ್ತಿದ. ಟಣ್ ಅಂತ ಸದ್ದಾಯಿತು. ನೀಲಿ ಪರದೆ. ಬುಟ್ಟಿ ಹೊತ್ತ ಪುಟ್ಟ ಮನುಷ್ಯ ಬಂದು ನಿಂತ. ಮೂವತ್ತೆಂಟು ವರ್ಷದಲ್ಲಿ ಅವನಿಗೆ ಒಂದು ಕೂದಲೂ ನೆರೆತಿರಲಿಲ್ಲ.

ಜವರಯ್ಯನ ಹೆಂಡತಿ ರಂಗಮ್ಮ ಕೀಲಿಮಣೆಯ ಅಕ್ಷರಗಳನ್ನು ಬಗ್ಗಿ ನೋಡಿದಳು. "ಇದೇನು ಸಾವ್ಕಾರ್ರೇ, ಹಳೇಬೀಡಿನ ಕಲ್ಲಿನ ಮೇಲೆ ಬರ್ದಂಗೈತೆ?"

"ಜಪಾನಿನ ಅಕ್ಷರ ಕಣವ್ವಾ."

"ಅವನ್ಯಾಕೆ ಅಂಗೆ ನಿಂತವ್ನೆ? ಹಾರ್ಲಾ! ಹಾರೋ ಮೂದೇವಿ!"

ಹತ್ತು ನಿಮಿಷದಲ್ಲಿ ಅರ್ಧ ಕೇರಿ ಒಳಗಿತ್ತು. ಪುಟ್ಟ ಮನುಷ್ಯ ಬಿದ್ದಾಗಲೆಲ್ಲ ಹೆಂಗಸರು "ಅಯ್ಯೋ ಪಾಪ" ಅಂದರು, ಗಂಡಸರು ಅವನಿಗೆ ದಾರಿ ಹೇಳಿದರು. ಇಂದ್ರೇಶ ಬುದ್ಧಿವಂತ. ಕಾಲು ಗಂಟೆಗೊಮ್ಮೆ ಆಟ ನಿಲ್ಲಿಸಿ ಮೀಟರು ನೋಡುವುದು, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೊತ್ತು, ವೋಲ್ಟು ಎರಡನ್ನೂ ಬರೆದಿಡುವುದು. ಒಂದು ಸಲ ಹೊಗೆ ಕಂಡವನಿಗೆ ಆ ಭಯ ಇರುತ್ತದೆ. ಹತ್ತೂವರೆ, ನೂರ ಎರಡು. ಹತ್ತೂಮುಕ್ಕಾಲು, ತೊಂಬತ್ತೊಂಬತ್ತು.

ಹನ್ನೆರಡೂವರೆಗೆ ಮೀಟರು ನೂರ ನಲವತ್ತು ತೋರಿಸಿತು! ಇಂದ್ರೇಶ ಹಾವು ಕಂಡವನಂತೆ ಹಾರಿ ಪ್ಲಗ್ಗು ಕಿತ್ತ.

"ಏನಾಯ್ತು ನಿಮ್ಮೂರಿಗೆ?"

"ಊಟದ ಹೊತ್ತಲ್ವಾ?" ಎಂದ ಜವರಯ್ಯ. "ಒಬ್ಬೊಬ್ರೇ ಮೋಟಾರು ಆಫ್ ಮಾಡ್ಕಂಡು ಮನೀಗೆ ಬತ್ತಾವ್ರೆ. ಮೋಟಾರು ನಿಂತ್ರೆ ಕರೆಂಟು ಏರ್ತದೆ."

ಇಂದ್ರೇಶ ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ಓಡಿದ. ಎದುರಿಗೆ ಹನುಮಯ್ಯ, ಹೆಗಲ ಮೇಲೆ ಟವೆಲ್ಲು.

"ಹನುಮಯ್ಯಣ್ಣ, ದಮ್ಮಯ್ಯ, ಮೋಟಾರ್ ಹಾಕಿ!"

"ಗದ್ದೆ ತುಂಬಿ ಕೋಡಿ ಬಿದ್ದೈತಲ್ಲ ಸಾಮಿ!"

"ಹಳ್ಳಕ್ಕೆ ಬಿಡಿ. ಐದು ಗಂಟೆ ಬಸ್ ಬರೋ ತನಕ. ನನ್ನ ಮಾನ ನಿಮ್ಮ ಮೋಟಾರಲ್ಲಿದೆ."

ಹನುಮಯ್ಯ ತಲೆ ಕೆರೆದುಕೊಂಡ. ಪಾತ್ರೆ ಅಂಗಡಿಯವರು ಬಿಸಿಲಲ್ಲಿ ಓಡಿಬಂದು ಕೇಳುವುದೆಂದರೆ ಏನೋ ಇರಲೇಬೇಕು. ಹೀಗೆ ಇಂದ್ರೇಶ ಒಂದೊಂದೇ ಪಂಪ್‌ಹೌಸಿಗೆ ಹೋಗಿ, ಒಬ್ಬೊಬ್ಬರ ಕೈ ಹಿಡಿದು, ಇಬ್ಬರ ಕಾಲೂ ಹಿಡಿದು, ಕೊಪ್ಪಲಿನ ಹತ್ತೊಂಬತ್ತು ಮೋಟಾರನ್ನೂ ಒಟ್ಟಿಗೆ ಓಡಿಸಿದ. ಹಳ್ಳದಲ್ಲಿ ನೀರು ಬಂದದ್ದು ಕಂಡು ಕೆಳಗಿನ ಊರಿನವರು ಮೇಲೆ ಮಳೆಯಾಯಿತೇ ಎಂದು ಫೋನು ಮಾಡಿ ಕೇಳಿದರಂತೆ.

ಜವರಯ್ಯನ ಮನೆಗೆ ವಾಪಸು ಬಂದಾಗ ಕ್ಯಾಲೆಂಡರಿನ ಮುಂದೆ ಲೈನ್‌ಮ್ಯಾನ್ ತಮ್ಮಯ್ಯ ನಿಂತಿದ್ದ. ಇಂದ್ರೇಶ ಮೊದಲು ಮೀಟರು ನೋಡಿದ. ತೊಂಬತ್ತೆಂಟು. ಜೀವ ಬಂತು. ಬರೆದ.

"ಇದೆಲ್ಲ ನೀವೇ ಬರ್ದಿದ್ದಾ ಸಾ?" ಎಂದ ತಮ್ಮಯ್ಯ.

"ಹೂಂ."

"ಈಗ ಎಲ್ಲಾ ಮೋಟಾರೂ ಓಡ್ತಾವಾ?"

"ಒಂದೂ ಬಿಡದ ಹಾಗೆ."

"ಕೆಳಗೊಂದು ಸೈನ್ ಹಾಕಿ."

ಯಾಕೆಂದು ಕೇಳುವ ವ್ಯವಧಾನ ಇಂದ್ರೇಶನಿಗೆ ಇರಲಿಲ್ಲ. ಪುಟ್ಟ ಮನುಷ್ಯ ಕಾಯುತ್ತಿದ್ದ. ಸೈನು ಹಾಕಿ, ಪ್ಲಗ್ಗು ಮತ್ತೆ ಸಿಕ್ಕಿಸಿ ಆಟಕ್ಕೆ ಕೂತ. ತಮ್ಮಯ್ಯ ಫೋನಿನಲ್ಲಿ ಕ್ಯಾಲೆಂಡರಿನ ಫೋಟೋ ಹಿಡಿದು, ಜವರಯ್ಯನ ಕಿವಿಯಲ್ಲಿ ಏನೋ ಹೇಳಿ ಹೋದ.

ಮೊದಲ ಬೆಟ್ಟ ಆಯಿತು. ಎರಡಾಯಿತು. ಮೂರೂ ಆಯಿತು. ಮೂರೂವರೆ ಗಂಟೆಗೆ ನಾಲ್ಕನೇ ಬೆಟ್ಟ. ಈ ಸಲ ಊಟಕ್ಕೆ ಕೂಗಲು ಯಾರೂ ಇರಲಿಲ್ಲ. ತುದಿಯಲ್ಲಿ ಒಂದು ಬಾಗಿಲು ಕಂಡಿತು. ಇನ್ನು ಎರಡೇ ಬಂಡೆ—

ಕರೆಂಟು ಹೋಯಿತು.

"ಅಯ್ಯೋ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ರಂಗಮ್ಮ. ಗಂಡಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿ, ಮೀಸೆಯಲ್ಲಿ ನಕ್ಕು, ಊರ ಮುಂದಕ್ಕೆ ಎದ್ದು ಹೋದರು.

"ಯಾವಾಗ ಬರುತ್ತೆ?" ಎಂದು ಇಂದ್ರೇಶ ಕೇಳಿದ.

"ಐದಕ್ಕೆ ಬಂದೇ ಬತ್ತದೆ, ನಿಮ್ಗ್ಯಾಕೆ ಯೋಚ್ನೆ?" ಎಂದು ಜವರಯ್ಯನೂ ಹೊರಟ.

ಇಂದ್ರೇಶ ಯೋಚಿಸಿದ. ಬೆಟ್ಟ ಹೋದರೆ ಹೋಯಿತು, ಇನ್ನೊಮ್ಮೆ ಹತ್ತಿಸಬಹುದು. ಪ್ರತಿಮಾ ಬಂದು ಕೂತಾಗ ಕರೆಂಟು ಬಂದು, ತಾನಾಗಿಯೇ ನೀಲಿ ಪರದೆ ಬೆಳಗಿದರೆ ಅದರ ಗತ್ತೇ ಬೇರೆ. ಕಂಪ್ಯೂಟರಿನ ಸ್ವಿಚ್ಚು, ಗೋಡೆಯ ಸ್ವಿಚ್ಚು ಎರಡನ್ನೂ ಆನ್ ಮಾಡಿಯೇ ಬಿಟ್ಟ. ಟಿ.ವಿ.ಯ ಧೂಳು ಒರೆಸಿದ. ಹೆಂಡತಿಗೆ ಕುರ್ಚಿ ಹಾಕಿಟ್ಟ.

ಐದು ಗಂಟೆಗೆ ಪ್ರತಿಮಾ ಬಂದಳು. ಬ್ಯಾಗು ಕೆಳಗಿಡದೆ ನಿಂತಳು.

"ಎಲ್ರೀ ಉಸಿರು?"

"ಕೂತ್ಕೋ. ಈಗ ಕರೆಂಟು ಬರುತ್ತೆ. ಪೆಟ್ಟಿಗೆಯನ್ನೇ ನೋಡ್ತಿರು, ರೆಪ್ಪೆ ಬಡೀಬೇಡ."

ಅವಳು ರೆಪ್ಪೆ ಬಡಿಯಲಿಲ್ಲ. ಕರೆಂಟು ಬಂತು. ಮೊದಲು ಟ್ಯೂಬ್‌ಲೈಟು ಝಗ್ಗನೆ ಹತ್ತಿತು. ಫ್ಯಾನು ಹುಚ್ಚು ಹಿಡಿದಂತೆ ತಿರುಗಿ ನೊಣವನ್ನು ಅಡಿಗೆ ಮನೆಗೆ ಎಸೆಯಿತು. ಮಿಕ್ಸಿಯಲ್ಲಿ ಬೆಳಗಿನಿಂದ ಸಿಕ್ಕಿಕೊಂಡಿದ್ದ ಕಾಯಿ ಗರ್ರೆಂದು ನುಣ್ಣಗಾಯಿತು. ಆಮೇಲೆ ಪೆಟ್ಟಿಗೆ 'ಠಸ್' ಅಂದಿತು. ಅದರ ಹೊಟ್ಟೆಯಿಂದ ತೆಳ್ಳಗೆ, ನೆಟ್ಟಗೆ, ಊದುಬತ್ತಿಯ ಹೊಗೆ ಎದ್ದಿತು.

"ನೋಡ್ದೆ ಬಿಡಿ," ಎಂದಳು ಪ್ರತಿಮಾ. "ಹೋದ ವರ್ಷದ್ದೂ ಹಿಂಗೇ ಉಸಿರಾಡಿತ್ತು."

ಇಂದ್ರೇಶ ಸಾಕೆಟ್ಟಿಗೆ ಮೀಟರು ಚುಚ್ಚಿದ. ಇನ್ನೂರ ಮೂವತ್ತೆರಡು.

ಅಷ್ಟರಲ್ಲಿ ಅಂಗಳದಲ್ಲಿ ಜೈಕಾರ ಕೇಳಿತು. ಹಾರ, ಶಾಲು, ಮೈಸೂರು ಪೇಟ ಹಿಡಿದು ಇಡೀ ಕೊಪ್ಪಲು ಒಳಗೆ ಬಂತು. ಮುಂದೆ ತಮ್ಮಯ್ಯ.

"ಅಮ್ಮಾವ್ರೇ, ನಿಮ್ಮ ಯಜಮಾನ್ರು ದೇವ್ರು!" ಎಂದ ಅವನು. "ಆರು ವರ್ಷದಿಂದ ಈ ಊರ್ನೋರು ಹೊಸ ಟ್ರಾನ್ಸ್‌ಫಾರ್ಮರ್ ಕೇಳ್ತಾನೇ ಅವ್ರೆ. ಕರೆಂಟಾಫೀಸಿನ ಸಾಹೇಬ್ರು ಮೀಟರ್ ಹಿಡ್ಕಂಡು ಬರಾದು. ಸಾಹೇಬ್ರು ಬಂದ್ರು ಅಂತ ಇವ್ರೆಲ್ಲ ಮರ್ವಾದಿಗೆ ಮೋಟಾರು ಆಫ್ ಮಾಡಿ ಬಂದು ಕೈ ಕಟ್ಕಂಡು ನಿಲ್ಲಾದು. ಮೋಟಾರು ನಿಂತ್ರೆ ಇನ್ನೂರ ಇಪ್ಪತ್ತು ತೋರಿಸ್ತದೆ. ಸಾಹೇಬ್ರು 'ಕರೆಂಟು ಚೆನ್ನಾಗೈತೆ' ಅಂತ ಬರ್ಕಂಡು ಹೋಗಾದು. ಆರು ವರ್ಷ ಇದೇ ಆಯ್ತು!"

"ಇವತ್ತು ಇವ್ರು ಎಲ್ಲಾ ಮೋಟಾರೂ ಹಾಕ್ಸಿ, ಕಾಲು ಗಂಟೆಗೊಂದ್ಸಲ ಅಳ್ದು, ಬರ್ದು, ಸೈನ್ ಹಾಕ್ಬಿಟ್ರು," ಎಂದ ಜವರಯ್ಯ. "ಗೆಂಡೆಹಳ್ಳೀಲಿ ಇಬ್ರು ಅಣ್ತಮ್ಮಂದ್ರು ಕಂಬ ಯಾರ ಜಮೀನಲ್ಲಿ ಅಂತ ಕಿತ್ತಾಡ್ತಾ ಇದ್ರು, ಅಲ್ಲೀಗೆ ಬಂದಿದ್ದ ಟ್ರಾನ್ಸ್‌ಫಾರ್ಮರು ಲಾರಿ ಮೇಲೇ ಸುಮ್ನೆ ಕೂತಿತ್ತು. ತಮ್ಮಯ್ಯ ಫೋಟೋ ಕಳಿಸ್ದ. ಸಾಹೇಬ್ರು ನೋಡಿದ್ದೇ ತಡ, ಲಾರಿ ಇತ್ಲಾಗೇ ತಿರುಗಿಸಿದ್ರು! ಊಟದ ಹೊತ್ತಲ್ಲಿ ಬಿಸ್ಲಾಗೆ ಓಡಾಡಿದ್ರಲ್ಲ ಸಾವ್ಕಾರ್ರೇ, ನಮ್ಗಾಗಿ!"

ರಂಗಮ್ಮ ಆರತಿ ಎತ್ತಿದಳು. ಇಂದ್ರೇಶನ ತಲೆಗೆ ಪೇಟ ಬಂತು, ಹೆಗಲಿಗೆ ಶಾಲು ಬಂತು. ಹೊಗೆಗೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಜನ "ಎಷ್ಟು ದೊಡ್ಡ ಮನಸ್ಸು" ಎಂದರು.

"ಇನ್ನು ಮೇಲೆ ನಮ್ಮೂರಲ್ಲಿ ವೋಲ್ಟೇಜು ಇಳಿಯೋ ಮಾತೇ ಇಲ್ಲ," ಎಂದು ಹನುಮಯ್ಯ ಅವನ ಕೈ ಕುಲುಕಿದ. "ನಾವು ಬಿಡಾಕಿಲ್ಲ."

ಶಾಲಿನ ಕೆಳಗೆ ಫೋನು ಹೊಡೆದುಕೊಂಡಿತು. ದೇವೀರಪ್ಪ.

"ಇಂದ್ರೇಶಣ್ಣ, ಒಳ್ಳೇ ಸುದ್ದಿ! ಕೊಪ್ಪಲಿಗೆ ಯಾರೋ ಪುಣ್ಯಾತ್ಮ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಸ್ತಾವ್ನಂತೆ. ಇನ್ನು ಮೋಟಾರು ನಿಧಾನಕ್ಕೆ ಕೊಡು ಅಂತ ಮಧ್ಯಾಹ್ನವೇ ಅಲ್ಲಿನೋರೆಲ್ಲ ಫೋನ್ ಮಾಡಿದ್ರು. ಕೈ ಬಿಡುವಾಯ್ತು ನೋಡಿ, ನಿಮ್ಮ ಪೆಟ್ಗೆ ಸುತ್ತಿ ಮುಗಿಸ್ದೆ. ಮೀಟರ್ ಇಟ್ಟು ನೋಡಿದೀನಿ, ನೂರು ಅಂದ್ರೆ ನೂರೇ ಬತ್ತೈತೆ! ತಗಂಡೋಗಿ."

ದೇವೀರಪ್ಪನ ಗಂಟಲು ಪಕ್ಕದವರಿಗೂ ಕೇಳುವಂಥದು. ಪ್ರತಿಮಾ ಗಂಡನ ಕೈಯಿಂದ ಫೋನು ತೆಗೆದುಕೊಂಡಳು.

"ದೇವೀರಪ್ಪನೋರೇ, ಅದು ಭಾರ ಇದೆಯಾ?"

"ಕಬ್ಬಿಣ ಕಣಕ್ಕ, ಎತ್ತಾಕಾಗಲ್ಲ."

"ಹಾಗಾದ್ರೆ ಮನೆಗೇ ಕಳಿಸ್ಬಿಡಿ. ಗ್ರೈಂಡರ್ ಇಡೋ ಮೇಜಿನ ಒಂದು ಕಾಲು ಗಿಡ್ಡ ಇದೆ, ಅದರ ಕೆಳಗೆ ಇಡೋಕೆ ಏನಾದ್ರೂ ಬೇಕಿತ್ತು."