ಹದಿನಾಲ್ಕು ಪುಟ ಮತ್ತು ಒಂದು ಫಟಫಟಿ

ಕೆಲವರಿಗೆ ಬಿಪಿ ಇರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ಅಭಿಪ್ರಾಯವಿಲ್ಲದ ಕಾಯಿಲೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಸರ್ಕಾರಿ ಸಂಬಳದ ಜೊತೆಗೆ ಬಂದದ್ದು. ಎಂಬತ್ತರ ದಶಕದಲ್ಲಿ, ರಾಯಬಾಗ ತಾಲೂಕಿನ ಪಾಲಬಾವಿಯ ಜೈನ ಒಕ್ಕಲು ಮನೆತನದವನಾದ ನಾನು, ದೆಹಲಿಯಲ್ಲಿ ಸಂಸತ್ ಸದಸ್ಯರಿಗಾಗಿ ಟಿಪ್ಪಣಿ ಬರೆಯುವ ಕೆಲಸದಲ್ಲಿದ್ದೆ. ದೇಶದಲ್ಲಿ ಯಾವ ವಿಷಯಕ್ಕೆ ಗದ್ದಲ ಎದ್ದರೂ, ಅದು ಗೊಬ್ಬರದ ಬೆಲೆಯಾಗಲಿ ಗಂಗೆಯ ಕೊಳೆಯಾಗಲಿ, ಹತ್ತಾರು ವರದಿಗಳನ್ನು ತಿರುವಿಹಾಕಿ, ಪರವಾಗಿ ಇಷ್ಟು, ವಿರುದ್ಧವಾಗಿ ಇಷ್ಟು ಎಂದು ಬರೆದುಕೊಡಬೇಕು. ಸ್ವಂತದ್ದು ಒಂದಕ್ಷರ ಸೇರಬಾರದು. ನಮ್ಮ ಮೇಲಧಿಕಾರಿ ನಾನು ಸೇರಿದ ದಿನವೇ ಕನ್ನಡಕದ ಮೇಲಿನಿಂದ ನೋಡುತ್ತ ಹೇಳಿದ್ದರು: "ಅಭಿಪ್ರಾಯ ಹೇಳಲಿ ಎಂದು ಜನ ಅವರನ್ನು ಆರಿಸಿ ಕಳಿಸಿದ್ದಾರೆ. ನಿನ್ನನ್ನು ಯಾರೂ ಆರಿಸಿಲ್ಲ." ಮಾತು ನ್ಯಾಯವಾಗಿತ್ತು. ಒಮ್ಮೆ ಸಕ್ಕರೆಯ ಬಗ್ಗೆ ನಾನು ಬರೆದ ಒಂದೇ ಟಿಪ್ಪಣಿಯನ್ನು ಹಿಡಿದುಕೊಂಡು ಇಬ್ಬರು ಸದಸ್ಯರು, ಒಬ್ಬರು ಎರಡನೇ ಪುಟದಿಂದ, ಇನ್ನೊಬ್ಬರು ಮೂರನೇ ಪುಟದಿಂದ, ಅರ್ಧ ಗಂಟೆ ಜಗಳವಾಡಿದರಂತೆ. ಅದನ್ನು ಕೇಳಿ ಹಿಗ್ಗಿಹೋಗಿ ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಕಚೇರಿಯ ಅಭ್ಯಾಸ ಕಚೇರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಕ್ಷೌರಿಕ "ಮೀಸೆ ಇಡಲೋ ತೆಗೆಯಲೋ" ಎಂದು ಕೇಳಿದರೆ ಮೀಸೆಯ ಗುಣದೋಷಗಳನ್ನು ವಿವರಿಸುವ ಹಂತಕ್ಕೆ ಬಂದಿದ್ದೆ. ರಜೆಗೆ ಊರಿಗೆ ಹೊರಟವನು ಒಂದು ಸಲ ನಿಪ್ಪಾಣಿಯಲ್ಲಿ ಬಸ್ಸಿಳಿದು, ತಂಬಾಕಿನ ಘಾಟಿಗೆ ನಾಲ್ಕು ಸಲ ಸೀನಿ, ಚಹಾದಂಗಡಿಯಲ್ಲಿ ಕೂತಿದ್ದೆ. ನಾನು ದಿಲ್ಲಿಯವನೆಂದು ತಿಳಿದು ಅಂಗಡಿಯವನು ಈ ವರ್ಷ ತಂಬಾಕಿಗೆ ದರ ಏರುತ್ತದೆಯೇ ಎಂದು ಕೇಳಿದ. ನಾನು ಶುರುಮಾಡಿದೆ. ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ. ಪಾಪ, ಆತ ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಕೇಳಿ, ಕೊನೆಗೆ ಕೈಮುಗಿದ. "ಸಾಹೇಬ, ಹೋಯ್ ಕೀ ನಾಹೀ, ತೇವಢಂ ಸಾಂಗಾ." ಹೌದೋ ಅಲ್ಲವೋ, ಅಷ್ಟು ಹೇಳಿ ಅಂತ. ಅಷ್ಟು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಇಂಥವನಿಗೆ ಹೆಣ್ಣು ನೋಡಲು ಹೊರಟರು. ನನಗಾಗಲೇ ಮೂವತ್ತೆರಡು. ಐದು ಹೆಣ್ಣು ನೋಡಿಯಾಗಿತ್ತು. "ಹುಡುಗಿ ಮನಸ್ಸಿಗೆ ಬಂದಾಳೇನ?" ಎಂದು ಅವ್ವ ಪ್ರತಿ ಸಲ ಕೇಳುವುದು, ನಾನು ಎರಡೂ ಪಕ್ಷಗಳನ್ನು ಮಂಡಿಸುವುದು, ಅಷ್ಟರಲ್ಲಿ ಆ ಹುಡುಗಿಗೆ ಬೇರೆಡೆ ಮದುವೆಯಾಗುವುದು. "ಈ ಸಲಾನೂ ಹಿಂಗ ಮಾಡಿದ್ಯೋ, ನಾ ಊಟ ಬಿಡ್ತೇನಿ ನೋಡು" ಎಂದು ಅವ್ವ ಕಣ್ಣಲ್ಲಿ ನೀರು ತಂದುಕೊಂಡಳು. ಆರನೆಯದು ಅಥಣಿ ಕಡೆಯ ಐನಾಪುರದ ಹೆಣ್ಣು, ಸುಲೋಚನಾ. ಬಿ.ಎ. ಓದಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ಅಪ್ಪನಿಗೆ ದ್ರಾಕ್ಷಿ ತೋಟ. ನನ್ನ ಸೋದರಮಾವ ಭರಮಪ್ಪ ಮೊದಲೇ ಹೋಗಿ, ವರನಿಗೆ ಒಂದು ಮೋಟಾರ್ ಸೈಕಲ್, ನಮ್ಮ ಕಡೆಯ ಮಾತಿನಲ್ಲಿ ಫಟಫಟಿ, ಕೊಡಬೇಕೆಂದು ಬೇಡಿಕೆ ಇಟ್ಟು ಬಂದಿದ್ದ. ಅದು ನನಗೆ ಗೊತ್ತಿತ್ತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಉಳ್ಳಾಗಡ್ಡಿ ಹಾಕದ ಒಗ್ಗರಣೆ ಅವಲಕ್ಕಿ ಬಂತು, ಚಹಾ ಬಂತು, ಅದರ ಹಿಂದೆ ಸುಲೋಚನಾ ಬಂದಳು. ಹಿಂದಿನ ಐವರು ನೆಲ ನೋಡಿದ್ದರು. ಈಕೆ ತರಗತಿಯ ಹಾಜರಿ ತೆಗೆಯುವವಳ ಹಾಗೆ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಮಾವನಿಗೆ ಹುರುಪು ಬಂತು.

"ನಮ್ಮ ಹುಡುಗ ಅಂದ್ರ ಸಾಮಾನ್ಯ ಅಲ್ರಿ. ದಿಲ್ಯಾಗ ಮಂತ್ರಿಗಳು ಇವ ಬರದದ್ದನ್ನ ಓದ್ತಾರ!"

"ಹೌದೇನ್ರಿ? ಈ ಸಲ ಯಾವುದರ ಮ್ಯಾಲ ಬರದೀರಿ?" ಎಂದಳು ಸುಲೋಚನಾ.

ಕೇಳಿದ್ದೇ ತಡ, ಎದೆ ಉಬ್ಬಿಸಿ ಹೇಳಿಬಿಟ್ಟೆ: "ವರದಕ್ಷಿಣೆ ನಿಷೇಧ ಕಾಯ್ದೆ ಮ್ಯಾಲ್ರಿ."

ಮಾವನ ಅವಲಕ್ಕಿ ನೆತ್ತಿಗೇರಿತು. ಅವ್ವ ಅವನ ಬೆನ್ನು ಗುದ್ದಿದಳು. ಆ ಗುದ್ದಿನಲ್ಲಿ ಒಂದೆರಡು ನನಗೆ ಸೇರಬೇಕಾದವು ಎಂದು ಈಗ ಅನಿಸುತ್ತದೆ.

"ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?" ಎಂದಳು ಸುಲೋಚನಾ.

ಅಲ್ಲಿ ನನ್ನ ನಾಲಿಗೆ ತನ್ನಷ್ಟಕ್ಕೆ ಹೊರಟಿತು. ಕಾಯ್ದೆ ಬಿಗಿಯಾಗಬೇಕೆನ್ನುವವರ ವಾದ, ಕಾಯ್ದೆಯಿಂದ ಏನೂ ಆಗದು ಎನ್ನುವವರ ವಾದ, ಎರಡನ್ನೂ ತೂಕ ತಪ್ಪದಂತೆ ಹೇಳಿ ಮುಗಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ಸಾಲದೆಂದು, "ನಾವು ಅನೇಕಾಂತದವರು ನೋಡ್ರಿ, ಯಾವುದಕ್ಕೂ ಹಲವು ಮುಖ ಇರ್ತಾವ" ಎಂದು ನಮ್ಮ ಧರ್ಮವನ್ನೂ ನನ್ನ ರಕ್ಷಣೆಗೆ ಎಳೆದುಕೊಂಡೆ.

"ಅನೇಕಾಂತ ಅಂದ್ರ ಎಲ್ಲಾ ಕಡೆಯಿಂದ ನೋಡೋದ್ರಿ. ಯಾವ ಕಡೆನೂ ನಿಲ್ಲದ ಇರೋದಲ್ಲ" ಎಂದಳು ಆಕೆ. ಆಮೇಲೆ ಆ ಟಿಪ್ಪಣಿ ನೋಡಬಹುದೇ ಎಂದು ಕೇಳಿದಳು. ನೋಡಬಹುದು. ಯಾರಾದರೂ ಕೇಳಲಿ ಎಂದೇ ಅದರ ಪ್ರತಿಯನ್ನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದೆ. ಹದಿನಾಲ್ಕು ಪುಟ ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಮಾವ ದ್ರಾಕ್ಷಿಯ ಮಾತೆತ್ತಿದ, ಮಳೆಯ ಮಾತೆತ್ತಿದ, ಫಟಫಟಿಯ ಮಾತನ್ನು ಮಾತ್ರ ಎತ್ತಲಿಲ್ಲ. ಮುಕ್ಕಾಲು ಗಂಟೆಯ ನಂತರ ಸುಲೋಚನಾ ಹೊರಬಂದು ಕಾಗದಗಳನ್ನು ನನ್ನ ಕೈಗಿತ್ತಳು.

"ಛಲೋ ಬರದೀರಿ. ಗಂಡಿನ ಕಡೆಯವರ ಮಾತು ಐತಿ, ಹೆಣ್ಣಿನ ಅಪ್ಪನ ಮಾತು ಐತಿ, ವಕೀಲರ ಮಾತು ಐತಿ. ಹುಡುಗಿ ಏನಂತಾಳ ಅನ್ನೋದು ಎಲ್ಲೂ ಇಲ್ಲಲ್ರಿ?"

ನಾನು ಪುಟ ತಿರುವಿದೆ. ನಿಜವಾಗಿಯೂ ಇರಲಿಲ್ಲ. ಅಷ್ಟೊಂದು ವರದಿ ಓದಿದವನಿಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. "ಮತ್ತ ನೀವು ಏನಂತೀರಿ?" ಎಂದು ಮೆಲ್ಲಗೆ ಕೇಳಿದೆ.

"ಗಾಡಿ ಬೇಕಾಗಿದ್ರ ನಿಪ್ಪಾಣ್ಯಾಗ ಅಂಗಡಿ ಅದಾವ್ರಿ. ಇಲ್ಲಿತನಕ ಬರೂದು ಯಾಕ ಬೇಕಿತ್ತು?" ಎಂದು ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ಮಾವ ದಾರಿಯುದ್ದಕ್ಕೂ ಬೈದ. "ಹೆಣ್ಣಿಗೆ ಅಷ್ಟು ಬಾಯಿ ಇರಬಾರದು, ಬಿಟ್ಟಬಿಡು" ಎಂದ. ಮನೆ ಸೇರಿದೊಡನೆ ಅವ್ವ ಕೇಳಿದಳು, ಮನಸ್ಸಿಗೆ ಬಂದಾಳೇನ ಅಂತ. ನಾನು ಎಂದಿನಂತೆ ಕೂತು ಯೋಚಿಸಿದೆ. ಪರವಾಗಿ ಹೇಳುವುದು ಬೇಕಾದಷ್ಟಿತ್ತು: ಆ ನೋಟ, ಆ ಮಾತು, ಹದಿನಾಲ್ಕೂ ಪುಟಗಳನ್ನು ಓದಿದ ಆ ತಾಳ್ಮೆ (ನಮ್ಮ ಸದಸ್ಯರೇ ಮೂರು ಪುಟ ದಾಟುತ್ತಿರಲಿಲ್ಲ). ವಿರುದ್ಧವಾಗಿ ಏನಾದರೂ ಇರಲೇಬೇಕೆಂದು ತಡಕಾಡಿದೆ. ಏನೂ ಸಿಗಲಿಲ್ಲ. ಇದ್ದದ್ದು ಒಂದೇ ಭಯ. ಆಕೆ ನನ್ನನ್ನು ಒಲ್ಲೆ ಎಂದರೆ?

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಎರಡು ಬಸ್ ಬದಲಿಸಿ, ಕೃಷ್ಣೆಯನ್ನು ದಾಟಿ ಐನಾಪುರಕ್ಕೆ ಹೋದೆ. ಗಂಡು ಒಬ್ಬನೇ ಹೀಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಶಾಲೆಗೆ ರಜೆ. ಸುಲೋಚನಾ ಬಾಗಿಲ ಹಿಂದೆಯೇ ಇದ್ದಳು, ಸೀರೆಯ ಅಂಚು ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಆಕೆಯ ಅಪ್ಪನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದೆ.

"ಮಾಮಾ ಕೇಳಿದ ಗಾಡಿ ನನಗ ಬ್ಯಾಡ್ರಿ. ನಿನ್ನೆನೇ ಹೇಳಬೇಕಿತ್ತು, ತಪ್ಪಾತು. ನನಗ ನಿಮ್ಮ ಮಗಳು ಬೇಕ್ರಿ."

ಹಿಂದಿನ ದಿನ ನನ್ನ ಎರಡೂ ಕಡೆಯ ವಾದವನ್ನು ಕೇಳಿದ್ದ ಅವರು ನಗು ತಡೆದುಕೊಂಡು ಕೇಳಿದರು: "ಮತ್ತ ಇನ್ನೊಂದು ಬಾಜೂ?"

"ಇದಕ್ಕ ಒಂದ ಬಾಜೂ ಐತ್ರಿ."

ಒಳಗಿನಿಂದ ದನಿ ಬಂತು. "ಅಪ್ಪಾ, ನಿಂದ್ರಿಸಿ ಯಾಕ ಮಾತಾಡಸ್ತಿ ಅವರನ್ನ? ಕೂಡ್ರಿ ಅನ್ನು. ಚಾ ಇಡ್ತೇನಿ."

ಆ ಚಹಾಕ್ಕೆ ಸಕ್ಕರೆ ಹಾಕಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟು ಸಂತೋಷವಾಗಿತ್ತು. ಮಾವ ಮುನಿಸಿಕೊಂಡು ಮದುವೆಗೇ ಬರುವುದಿಲ್ಲ ಎಂದ. ಆದರೆ ಹೋಳಿಗೆಯ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದವನೂ ಅವನೇ.

ಮದುವೆಗೆ ಮೊದಲು, ರಜೆ ಮುಗಿಸಿ ದೆಹಲಿಗೆ ಮರಳಿದ್ದೇ ಟಿಪ್ಪಣಿಗೆ ಹದಿನೈದನೇ ಪುಟ ಸೇರಿಸಿದೆ, ಹುಡುಗಿ ಏನನ್ನುತ್ತಾಳೆ ಎಂದು. ಮೇಲಧಿಕಾರಿ ಅದನ್ನು ಎರಡು ಸಲ ಓದಿದರು. ಪುಟ ಇರಲಿ, ಆದರೆ ನಮ್ಮ ಟಿಪ್ಪಣಿಯಲ್ಲಿ ಪ್ರತಿ ಮಾತಿಗೂ ಮೂಲ ತೋರಿಸಬೇಕಲ್ಲ, ಇದರ ಮೂಲವೆಲ್ಲಿ ಎಂದರು.

"ಮೂಲ ಸದ್ಯ ಐನಾಪುರದಲ್ಲಿದೆ ಸರ್. ಮುಂದಿನ ತಿಂಗಳು ಮದುವೆಯಾದ ಮೇಲೆ ಇಲ್ಲಿಗೆ ಬರುತ್ತದೆ."

ಅವರು ಕನ್ನಡಕ ತೆಗೆದು ನಕ್ಕರು. ಶುಭ ಕೋರಿದರು. ಆಮೇಲೆ, ಈ ವಿಷಯದಲ್ಲಿ ನಾನಿನ್ನು ನಿಷ್ಪಕ್ಷಪಾತಿಯಲ್ಲ ಎಂದು ಆ ಕಡತವನ್ನು ಬೇರೆಯವರಿಗೆ ಕೊಟ್ಟು, ಆಳ ಸಮುದ್ರದ ಮೀನುಗಾರಿಕೆಯ ಕಡತವನ್ನು ನನ್ನ ಮೇಜಿಗೆ ತಂದಿಟ್ಟರು. ಜನ್ಮದಲ್ಲಿ ಮೀನು ಮುಟ್ಟದ ಜೈನನಿಗೆ ಅದರಲ್ಲಿ ಯಾವ ಪಕ್ಷವೂ ಇರುವುದಿಲ್ಲವೆಂದು ಅವರ ಲೆಕ್ಕಾಚಾರ. ನನಗೂ ಹಾಗೇ ಅನಿಸಿತ್ತು. ಮದುವೆಯಾಗಿ ಬಂದ ಸುಲೋಚನಾ ಒಂದು ಭಾನುವಾರ ಆ ಟಿಪ್ಪಣಿಯನ್ನೂ ಕೊನೆಯವರೆಗೆ ಓದಿದಳು.

"ಬೆಸ್ತರ ಮಾತು ಐತಿ, ಹಡಗಿನ ಕಂಪನಿಯವರ ಮಾತು ಐತಿ" ಎಂದು ಕಾಗದಗಳನ್ನು ನನ್ನ ಮುಂದಿಟ್ಟಳು. "ಮೀನ ಏನಂತಾವ ಅನ್ನೋದು ಎಲ್ಲೂ ಇಲ್ಲಲ್ರಿ?"